ಕಾಲೇಜು ಲೈಬ್ರರಿಗೆ ಕೋಹಾ ಸಾಕೋ, ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳಬೇಕೋ?

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದರೊಳಗೆ ಲೈಬ್ರರಿ ಗಣಕೀಕರಣ ಮುಗಿಯಬೇಕು, ಕಂಪನಿಯೊಂದು ಎರಡೂವರೆ ಲಕ್ಷದ ಕೊಟೇಷನ್ ಕೊಟ್ಟಿದೆ, ಪ್ರಿನ್ಸಿಪಾಲರು "ಕೋಹಾ ಪುಕ್ಕಟೆ ಸಿಗುತ್ತಲ್ಲ" ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. (ಕೋಹಾ ಅಂದರೆ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು ಬಳಸಬಹುದಾದ ಲೈಬ್ರರಿ ಸಾಫ್ಟ್‌ವೇರ್.) ಪುಕ್ಕಟೆಯದು ತಗೊಂಡರೆ ಹಣ ಉಳಿಯುತ್ತೆ, ದುಡ್ಡಿನದು ತಗೊಂಡರೆ ಜವಾಬ್ದಾರಿ ಕಂಪನಿಯದಾಗುತ್ತೆ, ಇವೆರಡರಲ್ಲಿ ಯಾವುದು ಮುಖ್ಯ ಅನ್ನೋದು ನಿಮ್ಮ ಪ್ರಶ್ನೆ. ಎರಡೂ ನಿಜವಲ್ಲ. 2015ರಲ್ಲಿ ನಾನೂ ಇವೆರಡನ್ನೂ ನಂಬಿದ್ದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಹಾವೇರಿ ಜಿಲ್ಲೆಯ ಒಂದು ಅನುದಾನಿತ ಪದವಿ ಕಾಲೇಜಿನಲ್ಲಿ ಲೈಬ್ರೇರಿಯನ್. ಸುಮಾರು ಮೂವತ್ತು ಸಾವಿರ ಪುಸ್ತಕ. ಮೂರರಲ್ಲಿ ಎರಡು ಪಾಲು ಕನ್ನಡದವು. ನಾನು ಸೇರುವ ಮೊದಲೇ, 2008ರಲ್ಲಿ, ಆಡಳಿತ ಮಂಡಳಿಯವರು ಒಂದು ಕಂಪನಿಯ ಸಾಫ್ಟ್‌ವೇರ್ ಕೊಂಡಿದ್ದರು. ಏಳು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಎಎಂಸಿ (ವಾರ್ಷಿಕ ನಿರ್ವಹಣಾ ಕರಾರು) ದರ ಏರಿತು, ನಾವು ಕಟ್ಟಲಿಲ್ಲ, ಹೊಸ ವಿಂಡೋಸ್ ಹಾಕಿದ ಕಂಪ್ಯೂಟರಿನಲ್ಲಿ ಅದು ತೆರೆಯಲೇ ಇಲ್ಲ. ನಮ್ಮ ಡೇಟಾ ನಮಗೆ ಕೊಡಿ ಅಂದರೆ ಅದಕ್ಕೂ ಶುಲ್ಕ ಕೇಳಿದರು. ಕೊಟ್ಟೆವು. ಒಂದು ಎಕ್ಸೆಲ್ ಕಡತ ಬಂತು. ಅದನ್ನು ಕೋಹಾಕ್ಕೆ ತುಂಬಿಸಿದೆವು. ಸರ್ವರ್ ಅಂತ ಒಂದು ಸಾಧಾರಣ ಡೆಸ್ಕ್‌ಟಾಪು, ಅದರಲ್ಲಿ ವಿಂಡೋಸ್ ಬದಲು ಉಬುಂಟು ಎಂಬ ಪುಕ್ಕಟೆ ಲಿನಕ್ಸ್. ಒಟ್ಟು ಖರ್ಚು ಊಟ, ಬಸ್ ಚಾರ್ಜು. ಪ್ರಿನ್ಸಿಪಾಲರು ಸ್ಟಾಫ್ ಮೀಟಿಂಗಿನಲ್ಲಿ ಹೊಗಳಿದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸಾವಧಾನವಾಗಿ ಓದಿ. ಕನ್ನಡ ಪುಸ್ತಕ ಇರುವ ಯಾವ ಲೈಬ್ರರಿಯಲ್ಲಾದರೂ ಇದು ಆಗಬಹುದು.

ಹಳೇ ಸಾಫ್ಟ್‌ವೇರಿನಲ್ಲಿ ಕನ್ನಡ ಶೀರ್ಷಿಕೆಗಳನ್ನೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಆ ಫಾಂಟಿನಲ್ಲಿ ಬರೆದ "ಕನ್ನಡ" ಅನ್ನುವ ಪದ ಕಂಪ್ಯೂಟರಿನ ಲೆಕ್ಕಕ್ಕೆ ಕನ್ನಡವೇ ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ, ಜೊತೆಗೆ ನೆತ್ತಿಯ ಮೇಲೆ ಗೀಟು ಚುಕ್ಕೆ ಇರುವ ಯುರೋಪಿನ ಅಕ್ಷರ. ಫಾಂಟು ಅವುಗಳಿಗೆ ಕನ್ನಡದ ರೂಪ ತೊಡಿಸಿ ತೋರಿಸುತ್ತದೆ, ಅಷ್ಟೇ. ಕೋಹಾ ನಡೆಯುವುದು ಯೂನಿಕೋಡಿನಲ್ಲಿ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಇರುವ ಪದ್ಧತಿಯಲ್ಲಿ. ವಿದ್ಯಾರ್ಥಿಗಳು ಮೊಬೈಲಿನಲ್ಲಿ ಕ್ಯಾಟಲಾಗ್ ತೆರೆದರೆ ಕುವೆಂಪು, ಬೇಂದ್ರೆ ಎಲ್ಲರೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತಿದ್ದರು. ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ.

ನಮ್ಮಲ್ಲೇ ಬಿಸಿಎ ಮುಗಿಸಿದ ಹುಡುಗನೊಬ್ಬ ನುಡಿಯಿಂದ ಯೂನಿಕೋಡಿಗೆ ಬದಲಿಸುವ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಬರೆದುಕೊಟ್ಟ. ಸುಲಭದ ಕೆಲಸವಲ್ಲ. "ಧರ್ಮ" ಅನ್ನುವಲ್ಲಿ ನುಡಿಯ ಅರ್ಕಾವೊತ್ತು ಮಕಾರ ಆದಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ರಕಾರ ಮೊದಲು, ಮಕಾರ ಆಮೇಲೆ. ಇಂಥವನ್ನೆಲ್ಲ ಅವನು ಅಚ್ಚುಕಟ್ಟಾಗಿ ಸರಿಮಾಡಿದ್ದ. ಐವತ್ತು ಪುಸ್ತಕಗಳ ಮೇಲೆ ಪರೀಕ್ಷೆ ಮಾಡಿದೆವು. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಆ ಐವತ್ತೂ ಕನ್ನಡ ಪುಸ್ತಕಗಳೇ ಆಗಿದ್ದವು ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

2017ರ ಬೇಸಿಗೆ ರಜೆ ಶುರುವಾಗುವ ಹಿಂದಿನ ಸಂಜೆ ಇಡೀ ಡೇಟಾಬೇಸಿನ ಮೇಲೆ ಅದನ್ನು ಓಡಿಸಲು ಕೂತೆವು. ಅದು ಒಂದೊಂದೇ ರೆಕಾರ್ಡು ತೆಗೆದು, ಬದಲಿಸಿ, ಅಲ್ಲೇ ಹಳೆಯದರ ಮೇಲೆ ಬರೆದಿಡುವ ಸ್ಕ್ರಿಪ್ಟು. ಅವನು ಕೇಳಿದ: "ಮೇಡಂ, ಒಂದು ಬ್ಯಾಕಪ್ ಬೇರೆ ಕಡೆ ತೆಗೆದಿಡೋಣವಾ?"

ನಾನು ಹೇಳಿದೆ: "ಕೋಹಾ ತಾನೇ ದಿನಾ ತಗೊಳ್ಳುತ್ತಲ್ಲಪ್ಪ."

ನನ್ನ ತಪ್ಪು ಅಂದರೆ ಈ ಒಂದು ಮಾತು. ಮಾತು ಸುಳ್ಳಲ್ಲ. ಡೆಬಿಯನ್ (ಇದೂ ಲಿನಕ್ಸೇ) ಅಥವಾ ಉಬುಂಟುವಿನಲ್ಲಿ ಕೋಹಾದ ಪ್ಯಾಕೇಜ್ ಹಾಕಿದರೆ ಅದು ದಿನಾ ತಾನೇ ಬ್ಯಾಕಪ್ ತೆಗೆಯುತ್ತದೆ. ಆದರೆ ನಾವಾಗಿ ಬದಲಿಸದಿದ್ದರೆ ಎರಡು ದಿನದ್ದನ್ನು ಮಾತ್ರ ಇಟ್ಟುಕೊಂಡು ಹಳೆಯದನ್ನು ಅಳಿಸುತ್ತಾ ಹೋಗುತ್ತದೆ. ಅದೂ ಅದೇ ಕಂಪ್ಯೂಟರಿನಲ್ಲಿ, ಅದೇ ಡಿಸ್ಕಿನಲ್ಲಿ. ಬ್ಯಾಕಪ್ ಇದೆ ಅಂತ ನನಗೆ ಗೊತ್ತಿತ್ತು. ಎಷ್ಟು ದಿನದ್ದು, ಎಲ್ಲಿದೆ ಅಂತ ಎರಡು ವರ್ಷದಲ್ಲಿ ಒಮ್ಮೆಯೂ ತೆರೆದು ನೋಡಿರಲಿಲ್ಲ.

ಭಾಷೆಯ ಕಾಲಂ ನೋಡಿ ಕನ್ನಡದ ಪುಸ್ತಕಗಳನ್ನಷ್ಟೇ ಬದಲಿಸು ಅಂತ ಸ್ಕ್ರಿಪ್ಟಿನಲ್ಲಿ ಬರೆದಿತ್ತು. ಆದರೆ ಹಳೇ ಎಕ್ಸೆಲ್‌ನಲ್ಲಿ ಆ ಕಾಲಂ ಖಾಲಿ ಇತ್ತು. ಕೋಹಾಕ್ಕೆ ತುಂಬಿಸುವಾಗ ಎಲ್ಲಕ್ಕೂ ಕನ್ನಡ ಅಂತಲೇ ಹಾಕಿದ್ದು ನಾನು, ಆಮೇಲೆ ತಿದ್ದಿದರಾಯಿತು ಅಂತ. ಹಾಗಾಗಿ ಸ್ಕ್ರಿಪ್ಟು ಸುಮಾರು ಹತ್ತು ಸಾವಿರ ಇಂಗ್ಲಿಷ್ ಪುಸ್ತಕಗಳ ಶೀರ್ಷಿಕೆ, ಲೇಖಕ, ಪ್ರಕಾಶಕರ ಹೆಸರನ್ನೂ ನುಡಿ ಎಂದೇ ತಿಳಿದು ಕನ್ನಡ ಲಿಪಿಗೆ ತಿರುಗಿಸಿತು. ಅರ್ಥಶಾಸ್ತ್ರದ ಪಠ್ಯಪುಸ್ತಕಗಳ ಹೆಸರಿನ ಜಾಗದಲ್ಲಿ ಯಾವ ಭಾಷೆಗೂ ಸೇರದ ಅಕ್ಷರಗಳು. ನಾವು ಆ ಸಂಜೆ ಕನ್ನಡ ಪುಸ್ತಕಗಳನ್ನೇ ಹುಡುಕಿ ನೋಡಿ, ಸಂತೋಷಪಟ್ಟು, ಬೀಗ ಹಾಕಿ ಹೋದೆವು. ಕಂಪ್ಯೂಟರು ಆನ್ ಇತ್ತು. ಬ್ಯಾಕಪ್ ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

ಕಾಲೇಜು ತೆರೆದ ದಿನ ಬಿಕಾಂ ಹುಡುಗಿಯೊಬ್ಬಳು ಕಾಸ್ಟ್ ಅಕೌಂಟಿಂಗ್ ಪುಸ್ತಕ ಕೇಳಿದಾಗ ಗೊತ್ತಾಯಿತು. ಅಷ್ಟರಲ್ಲಿ ಒಳ್ಳೆಯ ಬ್ಯಾಕಪ್ ಅಳಿಸಿಹೋಗಿ ಎಷ್ಟೋ ದಿನ ಆಗಿತ್ತು. ಕನ್ನಡ ಲಿಪಿಯಿಂದ ಮತ್ತೆ ಇಂಗ್ಲಿಷಿಗೆ ಬದಲಿಸಲು ನೋಡಿದೆವು. ಆಗಲಿಲ್ಲ, ಯಾಕೆಂದರೆ ನುಡಿಯಲ್ಲಿ ಬೇರೆಬೇರೆ ಸಂಕೇತಗಳು ಕೂಡಿ ಒಂದೇ ಅಕ್ಷರ ಆಗುತ್ತವೆ. ಒಮ್ಮೆ ಕೂಡಿದ ಮೇಲೆ ಯಾವುದು ಎಲ್ಲಿಂದ ಬಂತು ಅಂತ ಹೇಳಲಾಗುವುದಿಲ್ಲ. ಕಂಪನಿ ಕೊಟ್ಟ ಎಕ್ಸೆಲ್ ಇದ್ದ ಹಳೇ ಕಂಪ್ಯೂಟರು ಹಿಂದಿನ ವರ್ಷವೇ ಕಂಡಮ್ ಆಗಿ ಹರಾಜಿಗೆ ಹೋಗಿತ್ತು. ಕಂಪನಿಯವರಿಗೆ ಫೋನ್ ಮಾಡಿದರೆ, ಎಎಂಸಿ ಇಲ್ಲದವರ ಡೇಟಾ ಇಟ್ಟುಕೊಳ್ಳುವುದಿಲ್ಲ ಅಂದರು.

ನಮ್ಮನ್ನು ಉಳಿಸಿದ್ದು ಕೆಂಪು ಬೈಂಡಿನ ಅಕ್ಸೆಷನ್ ರಿಜಿಸ್ಟರ್‌ಗಳು (ಬಂದ ಪ್ರತಿ ಪುಸ್ತಕವನ್ನೂ ಕೈಬರಹದಲ್ಲಿ ದಾಖಲಿಸುವ ಪುಸ್ತಕಗಳು), ನನಗಿಂತ ಹಿಂದಿನವರು ದುಂಡಗಿನ ಅಕ್ಷರದಲ್ಲಿ ಬರೆದಿಟ್ಟವು. ಬಾರ್‌ಕೋಡು, ಐಎಸ್‌ಬಿಎನ್ (ಪುಸ್ತಕದ ಮೇಲೆ ಅಚ್ಚಾಗಿರುವ ಗುರುತಿನ ಸಂಖ್ಯೆ) ಕೆಟ್ಟಿರಲಿಲ್ಲ. ಐಎಸ್‌ಬಿಎನ್ ಇದ್ದವುಗಳಲ್ಲಿ ಕೆಲವಕ್ಕೆ ಕೋಹಾದ ಒಳಗಿಂದಲೇ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರೆಕಾರ್ಡು ತರಿಸಿಕೊಂಡೆವು. ಆದರೆ ನಮ್ಮ ಸೆಮಿಸ್ಟರ್ ಪಠ್ಯಪುಸ್ತಕಗಳು ವಾಷಿಂಗ್ಟನ್ನಿನಲ್ಲಿ ಎಲ್ಲಿಂದ ಸಿಗಬೇಕು? ಮೂವರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ದೀಪಾವಳಿ ಕಳೆದಿತ್ತು. ಅವರಿಗೆ ಕೊಟ್ಟ ಹಣ ನನ್ನ ಸಂಬಳದ್ದು. ಕಾಲೇಜನ್ನು ಕೇಳಲು ಮನಸ್ಸು ಬರಲಿಲ್ಲ. ಗಣಕೀಕರಣ ಆಯಿತು ಅಂತ ರಿಜಿಸ್ಟರ್ ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ, ಯಾರು ಏನೇ ಹೇಳಲಿ.

ಈಗ ನಿಮ್ಮ ಪ್ರಶ್ನೆ. ಹಳೇ ಕಂಪನಿಯ ಸಾಫ್ಟ್‌ವೇರ್ ಆಗಿದ್ದರೆ ಹೀಗಾಗುತ್ತಿರಲಿಲ್ಲ, ಒಪ್ಪುತ್ತೇನೆ. ಅವರು ಡೇಟಾಬೇಸ್ ಮುಟ್ಟಲು ಬಿಡುತ್ತಲೇ ಇರಲಿಲ್ಲ. ಆದರೆ ಮುಟ್ಟಲು ಬಿಡದ್ದರಿಂದಲೇ ನಮ್ಮ ಕನ್ನಡ ಏಳು ವರ್ಷ ನುಡಿಯಲ್ಲಿ ಸಿಕ್ಕಿಕೊಂಡಿತ್ತು. ಕೋಹಾ ಕೈ ಕಟ್ಟುವುದಿಲ್ಲ, ಕೈ ತಪ್ಪಿದರೆ ತಡೆಯುವುದೂ ಇಲ್ಲ. ನನಗೆ ಇವತ್ತು ಕೇಳಿದರೂ ಕೋಹಾವನ್ನೇ ಆರಿಸುತ್ತೇನೆ. ಆದರೆ ಪುಕ್ಕಟೆ ಅಂತಲ್ಲ. ಕೋಹಾ ಅನ್ನುವುದು ಮಾವೋರಿ ಭಾಷೆಯ ಪದ, ಕಾಣಿಕೆ ಅಂತ ಅರ್ಥ. ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಊರುಕಡೆಯ ಲೈಬ್ರರಿಯವರು ತಮ್ಮ ಹಳೇ ಸಾಫ್ಟ್‌ವೇರ್ 2000ನೇ ಇಸವಿಗೆ ಹೊಂದುವುದಿಲ್ಲ ಅಂತ ಗೊತ್ತಾದಾಗ, ಕಾಟಿಪೊ ಅನ್ನುವ ಸಣ್ಣ ಕಂಪನಿಗೆ ದುಡ್ಡು ಕೊಟ್ಟು ಮಾಡಿಸಿದ್ದು. ಮಾಡಿಸಿದ ಮೇಲೆ ಎಲ್ಲರಿಗೂ ಬಿಟ್ಟುಕೊಟ್ಟರು. ಅಂದರೆ ಕೋಹಾ ಹುಟ್ಟಿದ್ದೇ ಒಂದು ಲೈಬ್ರರಿ ಖರ್ಚು ಮಾಡಿದ್ದರಿಂದ.

ಹಾಗಾಗಿ ಪ್ರಿನ್ಸಿಪಾಲರಿಗೆ ಹೀಗೆ ಹೇಳಿ: ಆ ಎರಡೂವರೆ ಲಕ್ಷದಲ್ಲಿ ಅರ್ಧ ಕೋಹಾಕ್ಕೇ ತೆಗೆದಿಡಬೇಕು. ಎರಡು ಡಿಸ್ಕಿನ ಒಳ್ಳೆಯ ಮೆಷಿನ್, ಯುಪಿಎಸ್, ಮತ್ತು ಲಿನಕ್ಸ್ ಬಲ್ಲ ಒಬ್ಬ ಮನುಷ್ಯ, ಫೋನ್ ಮಾಡಿದರೆ ಆ ದಿನವೇ ಬರುವಷ್ಟು ಹತ್ತಿರದಲ್ಲಿ, ಸಂಭಾವನೆ ಗೊತ್ತುಮಾಡಿಕೊಂಡು. ಉಪಕಾರಕ್ಕೆ ಬರುವ ಹಳೇ ವಿದ್ಯಾರ್ಥಿ ಸಾಲದು, ನೌಕರಿ ಸಿಕ್ಕಿದ ದಿನ ಅವನು ಬೆಂಗಳೂರಿಗೆ ಹೋಗುತ್ತಾನೆ. ಕೋಹಾದ ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರಿನಲ್ಲಿ ಬರುತ್ತದೆ. ಏರಿಸುವವರು ಬೇಕು. ಕನ್ನಡದಲ್ಲಿ ಹುಡುಕಿದ್ದು ಸರಿಯಾಗಿ ಸಿಗಬೇಕಾದರೆ ಕೋಹಾದ ಹುಡುಕಾಟ ನಡೆಸುವ ಜೀಬ್ರಾ ಇಂಡೆಕ್ಸನ್ನು ಐಸಿಯು ಎಂಬ, ಯೂನಿಕೋಡ್ ಲಿಪಿಗಳಿಗೆ ಹೊಂದುವ ವಿಧಾನಕ್ಕೆ ಬದಲಿಸಬೇಕು. ಅದನ್ನು ಮೊದಲ ದಿನವೇ ಮಾಡಿಸಿ. ಬ್ಯಾಕಪ್ ಎರಡು ದಿನದ ಬದಲು ತೊಂಬತ್ತು ದಿನ ಇರಲಿ, ವಾರಕ್ಕೊಂದು ಪ್ರತಿ ಕಾಲೇಜಿನ ಕಟ್ಟಡದಿಂದ ಹೊರಗಿರಲಿ. ನಾನು ಮೂರು ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆಸಿ, ಒಂದು ಕನ್ನಡ ಪುಸ್ತಕ, ಒಂದು ಇಂಗ್ಲಿಷ್ ಪುಸ್ತಕ ಹುಡುಕಿ ನೋಡುತ್ತೇನೆ.

ಒಂದು ರೂಪಾಯಿಯನ್ನೂ ತೆಗೆದಿಡುವುದಿಲ್ಲ ಅಂದರೆ ಕೋಹಾ ಹಾಕಲೇಬೇಡಿ. ಕಂಪನಿಯದ್ದನ್ನೇ ಕೊಳ್ಳಿ, ಅಥವಾ ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಎಂಬ ಯುಜಿಸಿ ಕೇಂದ್ರದವರ ಸೋಲ್ ಎಂಬ ಲೈಬ್ರರಿ ಸಾಫ್ಟ್‌ವೇರ್ ಕೇಳಿ ನೋಡಿ. ಆದರೆ ಸಹಿ ಹಾಕುವ ಮುಂಚೆ ಕರಾರಿನಲ್ಲಿ ಒಂದು ಸಾಲು ಬರೆಸಿ: ನಾವು ಕೇಳಿದ ದಿನ, ಎಎಂಸಿ ಇರಲಿ ಬಿಡಲಿ, ಎಲ್ಲ ರೆಕಾರ್ಡುಗಳನ್ನೂ ಮಾರ್ಕ್ 21 (ಲೈಬ್ರರಿ ಸಾಫ್ಟ್‌ವೇರುಗಳು ಓದಬಲ್ಲ ಮಾನಕ) ರೂಪದಲ್ಲಿ, ಯೂನಿಕೋಡಿನಲ್ಲಿ, ಶುಲ್ಕವಿಲ್ಲದೆ ಕೊಡಬೇಕು. ಬರೆದುಕೊಡಲು ಒಪ್ಪದವರನ್ನು ಬಾಗಿಲಿಂದಲೇ ಕಳಿಸಿ. ನ್ಯಾಕ್ ಬಗ್ಗೆ ಹೆದರಬೇಡಿ. ನಮ್ಮಲ್ಲಿ ಅವರು ಕೇಳಿದ್ದು ಸಾಫ್ಟ್‌ವೇರಿನ ಹೆಸರು, ಆವೃತ್ತಿ, ಗಣಕೀಕರಣ ಪೂರ್ಣವೋ ಭಾಗಶಃವೋ, ಯಾವ ವರ್ಷ ಆಯಿತು ಅಂತ. ಎಷ್ಟು ಕೊಟ್ಟಿರಿ ಅಂತ ಯಾರೂ ಕೇಳಲಿಲ್ಲ.

ನಿಮ್ಮ ಹಳೇ ಪಟ್ಟಿ ಎಕ್ಸೆಲ್‌ನಲ್ಲಿದೆ ಅಂದಿರಿ. ಅದು ನುಡಿಯೋ ಯೂನಿಕೋಡೋ? ಕನ್ನಡ ಶೀರ್ಷಿಕೆಯೊಂದನ್ನು ನಕಲು ಮಾಡಿ ನಿಮ್ಮ ಮೊಬೈಲಿಗೇ ಕಳಿಸಿಕೊಳ್ಳಿ, ಕನ್ನಡವಾಗಿಯೇ ಕಂಡರೆ ಯೂನಿಕೋಡು. ಭಾಷೆಯ ಕಾಲಂ ಖಾಲಿ ಇದ್ದರೆ ಬೇರೆ ಯಾವ ಕೆಲಸಕ್ಕೂ ಮುಂಚೆ ಅದನ್ನು ತುಂಬಿಸಿ. ನೋಡಿ ಇಲ್ಲೇ ಬರೆಯಿರಿ, ಮುಂದಿನದು ಹೇಳುತ್ತೇನೆ.