ಹಳೇ ಜಿಪ್ಸಿ ಕೊಂಡು ಮನೆಮಂದಿಯನ್ನು ಕ್ಯಾಂಪಿಂಗ್‌ಗೆ ಕರೆದೊಯ್ಯಬೇಕು ಅಂತಿದ್ದೇನೆ, ಮೊದಲು ಏನು ಹಾಕಿಸಲಿ?

ನಿಮ್ಮ ಪ್ರಶ್ನೆ ಓದಿದೆ. ಪುಣೆಯಲ್ಲಿ 2006ರ ಮಾರುತಿ ಜಿಪ್ಸಿ ಒಂದು ಸಿಗುವ ಹಾಗಿದೆ, ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು, ಗಾಡಿ ಕೊಂಡ ಮೇಲೆ ಕೈಯಲ್ಲಿ ಎರಡು ಲಕ್ಷ ಉಳಿಯುತ್ತದೆ. ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ದೊಡ್ಡ ಟೈರ್, ಚಾವಣಿಯ ಮೇಲೆ ಕೂರುವ ರೂಫ್ ಟೆಂಟ್, ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್ ಇವುಗಳಲ್ಲಿ ಯಾವುದು ಮೊದಲು ಅಂತ ಕೇಳಿದ್ದೀರಿ.

ಯಾವುದೂ ಅಲ್ಲ. ಗಾಡಿ ಬೇರೆಯವರ ಕೈಗೆ ಕೊಟ್ಟು, ನೀವು ಹಿಂದಿನ ಸೀಟಿನಲ್ಲಿ ಕೂತು ತಾಮ್ಹಿಣಿ ಘಾಟಿನ ತನಕ ಒಮ್ಮೆ ಹೋಗಿಬನ್ನಿ. ಎರಡು ಲಕ್ಷ ಎಲ್ಲಿಗೆ ಹೋಗಬೇಕು ಅನ್ನೋದನ್ನ ನಿಮ್ಮ ಬೆನ್ನೇ ಹೇಳುತ್ತದೆ.

ನಾನು ಧಾರವಾಡದವನು, ಚಿಂಚವಡದಲ್ಲಿ ಸಂಸಾರ. 2014ರಲ್ಲಿ, ಆಗಲೇ ಹತ್ತು ವರ್ಷ ಹಳೆಯದಾಗಿದ್ದ ಒಂದು ಸಾಫ್ಟ್ ಟಾಪ್, ಅಂದರೆ ಬಟ್ಟೆಯ ಚಾವಣಿಯ, ಜಿಪ್ಸಿ ಕಿಂಗ್ ತಂದೆ. ತಂದ ತಿಂಗಳಲ್ಲೇ ಮುಂದೆ ನಾಲ್ಕು ದೊಡ್ಡ ಲೈಟು, ಬಂಪರ್ ಮೇಲೆ ಕಬ್ಬಿಣದ ಗಾರ್ಡ್, ಮೂರು ಇಂಚಿನ ಲಿಫ್ಟ್, 235/75 ಅಳತೆಯ ದೊಡ್ಡ ಟೈರು. ನೋಡಿದವರೆಲ್ಲ ತಿರುಗಿ ನೋಡಬೇಕು, ಹಾಗೆ. ಮೊದಲ ಟ್ರಿಪ್ ಪವನಾ ಕೆರೆಯ ದಂಡೆಗೆ. ಇಳಿದ ಕೂಡಲೇ ನಮ್ಮ ಮನೆಯಾಕೆ ಅಂದದ್ದು ಇನ್ನೂ ಕಿವಿಯಲ್ಲಿದೆ: "ರೀ, ಮುಂದಿನ ಹಾದಿ ಕಾಣ್ಲಿಕ್ಕೆ ನಾಲ್ಕು ಲೈಟು ಹಾಕ್ಸೀರಿ. ಹಿಂದ ಕೂತ ಹುಡುಗ ಎರಡು ಸಲ ತಲಿ ಬಡಕೊಂಡಾನ, ಅದು ಕಂಡಿಲ್ಲೇನ ನಿಮಗ?"

ಕಂಡಿರಲಿಲ್ಲ. ಹಿಂದೆ ಇದ್ದದ್ದು ಎದುರುಬದುರಿನ ಎರಡು ಬೆಂಚು, ಬೆಲ್ಟ್ ಇಲ್ಲ, ಹಿಡಿಯಲು ಒಂದು ಕಂಬಿ. ಜಿಪ್ಸಿಗೆ ಹಿಂದೆ ಮುಂದೆ ಎರಡೂ ಕಡೆ ಇರೋದು ಪಟ್ಟಿ ಸ್ಪ್ರಿಂಗು, ಎತ್ತಿನ ಗಾಡಿಯ ಖಾಸಾ ತಮ್ಮ. ಒಬ್ಬನೇ ಓಡಿಸುವಾಗ ಅದು ಮಜಾ, ಹಿಂದೆ ಅಡ್ಡ ಕೂತ ಆರು ವರ್ಷದ ಹುಡುಗನಿಗೆ ಶಿಕ್ಷೆ. ಮುಂದಕ್ಕೆ ಮುಖ ಮಾಡಿದ ಸೀಟು, ಮೂರು ಕಡೆ ಬಿಗಿಯುವ ಬೆಲ್ಟು ಹಾಕಿಸಿ. ಬೆಲ್ಟಿನ ಬೋಲ್ಟು ಬರೀ ತಗಡಿಗೆ ಕೂರಿಸಿದರೆ ಅಪಘಾತದಲ್ಲಿ ತಗಡಿನ ಸಮೇತ ಕಿತ್ತು ಬರುತ್ತದೆ. ಅಡಿಯಲ್ಲಿ ದಪ್ಪ ಪ್ಲೇಟು ಇಟ್ಟು ಗಟ್ಟಿ ಮಾಡಿಸಿ. ಆರ್‌ಸಿಯಲ್ಲಿ ಬರೆದಿರುವ ಸೀಟಿನ ಸಂಖ್ಯೆ ಮೀರಬೇಡಿ.

ಇನ್ನು ಲಿಫ್ಟ್ ಕಥೆ. ಹಾಕಿಸಿದ ಅಂಗಡಿಯ ಹೆಸರು ಬೇಡ, ಸ್ಪ್ರಿಂಗನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಇದೆಯಲ್ಲ, ಅದನ್ನೇ ಉದ್ದನೆಯದು ಸಿಕ್ಕಿಸಿ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಸಿಕೊಟ್ಟರು. ಹಳೇ ಮುಂಬೈ-ಪುಣೆ ರಸ್ತೆಯಲ್ಲಿ ವಡಗಾಂವ್ ದಾಟಿದ ಮೇಲೆ, ಮೀಟರು ಅರವತ್ತು ತೋರಿಸುವಾಗ ಒಂದು ಸಣ್ಣ ಗುಂಡಿ. ಅಷ್ಟಕ್ಕೇ ಸ್ಟೀರಿಂಗ್ ಕೈಯಲ್ಲಿ ಜರಡಿ ಹಿಡಿದ ಹಾಗೆ ಅಲುಗಾಡಲು ಶುರು. ಬ್ರೇಕ್ ಒತ್ತಿದರೆ ಇನ್ನೂ ಜೋರು. ಆಕ್ಸಿಲರೇಟರ್ ಬಿಟ್ಟು ಪೂರ್ತಿ ನಿಧಾನವಾದ ಮೇಲೇ ನಿಂತಿತು. ಹಿಂದೆ ಅವ್ವ "ರಾಮ ರಾಮ" ಅನ್ನುತ್ತಿದ್ದಳು. ಜಿಪ್ಸಿಯವರು ಇದಕ್ಕೆ ವಾಬ್ಲಿಂಗ್ ಅಂತಾರೆ. ಅಂದಹಾಗೆ ಮೀಟರಿನ ಅರವತ್ತು ಕೂಡ ಸುಳ್ಳು. ನನ್ನ ಗಾಡಿಗೆ ಮೊದಲು ಇದ್ದದ್ದು 205/70 ಆರ್15, ಎತ್ತರ ಸುಮಾರು 668 ಮಿಲಿಮೀಟರ್. 235/75ರ ಎತ್ತರ 733. ಅಂದರೆ ಮೀಟರ್ ಅರವತ್ತು ಅಂದಾಗ ಗಾಡಿ ಅರವತ್ತಾರರ ಹತ್ತಿರ ಓಡುತ್ತಿತ್ತು.

ಭೋಸರಿಯಲ್ಲಿ ಒಬ್ಬ ವಯಸ್ಸಾದ ಮಿಸ್ತ್ರಿ ಇದ್ದಾರೆ, ಎಲ್ಲರೂ ಉಸ್ತಾದ್ ಅಂತಾರೆ. ಅವರು ಏನನ್ನೂ ಬಿಚ್ಚಲಿಲ್ಲ. ಮುಂದಿನ ಗಾಲಿ ಜ್ಯಾಕಿನ ಮೇಲೆ ಎತ್ತಿ, ಟೈರನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಒಳಗೆ ಹೊರಗೆ ಅಲುಗಾಡಿಸಿದರು. "ಇಲ್ಲಿ ಬೆರಳಿಡಿ" ಅಂದರು. ಆಕ್ಸಲಿನ ತುದಿಯ ಗುಂಡಿನ ಹತ್ತಿರ ಬೆರಳಿಟ್ಟೆ. ಒಳಗೆ ಸಣ್ಣಗೆ ಟಕ್, ಟಕ್. ಸ್ಟೀರಿಂಗ್ ತಿರುಗಿಸಿದಾಗ ಗಾಲಿ ಹೊರಳುವ ಕೀಲಿನ ಕಿಂಗ್‌ಪಿನ್ ಬೇರಿಂಗು ಸವೆದಿದೆ. ಆಮೇಲೆ ಎಡಗೈ ಬಲಗೈ ಅಡ್ಡ ಹಿಡಿದು ಅಲುಗಾಡಿಸಿದರು, ಮುಂದಿನ ಎರಡು ಗಾಲಿಗಳನ್ನು ಜೋಡಿಸುವ ಟೈ ರಾಡಿನ ತುದಿಯೂ ಸಡಿಲ. ಹಳೇ ಗಾಡಿಯಲ್ಲಿ ಈ ಸವಕಳಿ ಇದ್ದೇ ಇರುತ್ತದೆ, ಕಂಪನಿಯ ಎತ್ತರದಲ್ಲಿ ಹೇಗೋ ಮುಚ್ಚಿಹೋಗಿರುತ್ತದೆ. ಮೇಲೆತ್ತಿ, ಆಕ್ಸಲ್ ಮತ್ತು ಸ್ಟೀರಿಂಗ್ ರಾಡಿನ ಕೋನ ಬದಲಿಸಿ, ಭಾರದ ಟೈರು ಹಾಕಿದ ಕೂಡಲೇ ಎಲ್ಲ ಬಯಲಿಗೆ ಬಂತು. ಕಂಪನಿ ಶ್ಯಾಕಲ್ ವಾಪಸು, ಹೊಸ ಕಿಂಗ್‌ಪಿನ್ ಬೇರಿಂಗು, ಟೈ ರಾಡ್ ತುದಿಗಳು, ಅಲುಗಾಟ ತಗ್ಗಿಸುವ ಸ್ಟೀರಿಂಗ್ ಡ್ಯಾಂಪರ್, 215/75ರ ಟೈರು. ಅಲ್ಲಿಂದ ಇಲ್ಲಿಯವರೆಗೆ ಒಮ್ಮೆಯೂ ಅಲುಗಿಲ್ಲ. ಈ ಮೇಲೆ ಕೆಳಗೆ ಹಿಡಿದು ಅಲುಗಾಡಿಸುವ ಪರೀಕ್ಷೆ ನೀವೂ ಕಲಿಯಿರಿ. ಗಾಡಿ ನೋಡಲು ಹೋದಾಗ ಎರಡೇ ನಿಮಿಷದ ಕೆಲಸ, ಮಾರುವವನ ಮುಖವನ್ನೂ ನೋಡುತ್ತಿರಿ.

ನೀರಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಸಹ್ಯಾದ್ರಿಯಲ್ಲಿ ನಾಲ್ಕು ತಿಂಗಳು ನೀರೇ ರಸ್ತೆ. ಒಂದು ಜುಲೈಯಲ್ಲಿ ಮುಳಶಿಯ ಹಿಂದಿನ ಹಳ್ಳಿಯೊಂದಕ್ಕೆ ಹೋಗುವಾಗ ಮೊಣಕಾಲುದ್ದದ ಹಳ್ಳ ದಾಟಿದೆವು. ಇಂಜಿನ್ನಿಗೆ ಏನೂ ಆಗಲಿಲ್ಲ, ನಾವು ಚಪ್ಪಾಳೆ ತಟ್ಟಿ ಮುಂದೆ ಹೋದೆವು. ಮೂರು ವಾರದ ಮೇಲೆ ಹಿಂದಿನ ಡಿಫರೆನ್ಷಿಯಲ್ಲಿನ, ಅಂದರೆ ಆಕ್ಸಲ್ ನಡುವಿನ ಗೇರು ಗುಂಡಿನ, ಬೋಲ್ಟ್ ಬಿಚ್ಚಿದಾಗ ಡಬ್ಬಿಗೆ ಸುರಿದದ್ದು ಎಣ್ಣೆಯಲ್ಲ, ಹಾಲು ಜಾಸ್ತಿಯಾದ ಚಹಾ. ಆಗಿದ್ದು ಇಷ್ಟೇ: ಘಾಟು ಹತ್ತಿ ಕಾದಿದ್ದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಕ್ಸಲ್ ಉಸಿರಾಡುವ ಸಣ್ಣ ತೂತಿಗೆ ಕೆಸರು ಮೆತ್ತಿಕೊಂಡಿದ್ದರೆ ಅಥವಾ ನೀರೊಳಗೇ ಇದ್ದರೆ, ಆಕ್ಸಲ್ ಸೀಲಿನ ಸಂದಿನಿಂದಲೋ ಆ ತೂತಿನಿಂದಲೋ ನೀರನ್ನೇ ಎಳೆದುಕೊಳ್ಳುತ್ತದೆ. ಎರಡು ಆಕ್ಸಲ್ಲಿನ ತೂತಿಗೂ ರಬ್ಬರ್ ಪೈಪು ಸಿಕ್ಕಿಸಿ ಬಾನೆಟ್ ಎತ್ತರಕ್ಕೆ ಒಯ್ದು ಕಟ್ಟಿಬಿಡಿ. ಕೆಲವು ನೂರು ರೂಪಾಯಿಯ ಕೆಲಸ. ನಾನು ಕಳೆದುಕೊಂಡದ್ದು ಬೇರಿಂಗು, ಸೀಲು, ಒಂದು ದೀಪಾವಳಿ ರಜೆ. ಹರಿಯುವ ಹಳ್ಳಕ್ಕೆ ಮಕ್ಕಳನ್ನು ಕೂರಿಸಿಕೊಂಡು ಇಳಿಯುವುದನ್ನಂತೂ ಬಿಟ್ಟಿದ್ದೇನೆ. ಮೊದಲು ನಾನು ನಡೆದು ದಾಟುತ್ತೇನೆ. ಕಾಲು ಎಳೆಯುವಷ್ಟು ಸೆಳೆತ ಇದ್ದರೆ ಗಾಡಿ ತಿರುಗಿಸುತ್ತೇನೆ.

ಕೂಲಿಂಗ್ ಬಗ್ಗೆ ಒಂದೇ ಮಾತು. ಇಂಜಿನ್ ಬಿಸಿಯಾಗುತ್ತದೆ ಅಂದರೆ ನಮ್ಮ ಕಡೆಯ ಬಹಳಷ್ಟು ಮೆಕ್ಯಾನಿಕ್‌ಗಳು ಇಂಜಿನ್ನಿನ ಬಿಸಿ ಹದದಲ್ಲಿಡುವ ಥರ್ಮೋಸ್ಟ್ಯಾಟ್ ಕಿತ್ತು ಬಿಸಾಕುತ್ತಾರೆ. ಬೇಡ ಅನ್ನಿ. ರೇಡಿಯೇಟರ್ ಬಿಚ್ಚಿಸಿ ಒಳಗಿನ ಕೊಳೆ ತೆಗೆಸಿ, ಹೋಸುಗಳನ್ನೆಲ್ಲ ಹೊಸದು ಹಾಕಿಸಿ, ಬರೀ ನಳದ ನೀರಿನ ಬದಲು ಕೂಲೆಂಟ್ ಹಾಕಿ. ಇದರ ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯೂಮಿನಿಯಮ್ಮಿನದು, ಘಾಟಿನಲ್ಲಿ ಒಮ್ಮೆ ಕುದ್ದರೆ ಸೊಟ್ಟಗಾಗುತ್ತದೆ. ಟೈಮಿಂಗ್ ಬೆಲ್ಟಿನ ಇತಿಹಾಸ ಕೇಳಲೇಬೇಡಿ, ಕೊಂಡ ವಾರವೇ ಬದಲಾಯಿಸಿ.

ಪೆಟ್ರೋಲ್ ಪೈಪುಗಳನ್ನೂ. ಈಗ ಬಂಕಿನಲ್ಲಿ ಸಿಗುವುದು ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್, ನಿಮ್ಮ 2006ರ ರಬ್ಬರು ಅದನ್ನು ಕನಸಲ್ಲೂ ಕಂಡಿಲ್ಲ. ಗಟ್ಟಿಯಾಗಿ ಬಿರುಕು ಬಿಡುತ್ತದೆ, ಇಂಜಿನ್ ಕೋಣೆಯಲ್ಲಿ ವಾಸನೆ ಬರುತ್ತದೆ. ಎಥನಾಲ್ ನೀರು ಹೀರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ. ಬಿಡಿಭಾಗದ ಚಿಂತೆ ಬೇಡ: 1.3 ಲೀಟರಿನ ಈ ಇಂಜಿನ್ ಎಸ್ಟೀಮ್ ಕಾರಿನ ಇಂಜಿನ್ನಿನ ದಾಯಾದಿ, ನಾನಾ ಪೇಠೆಯಲ್ಲಿ ಅಲೆದರೆ ಹೊಸದು ಸಿಗುತ್ತದೆ. ಹಳೇ ಬಾಡಿ ಭಾಗ ಬೇಕಾದರೆ ಮುಂಬೈಯಲ್ಲಿ ಕುರ್ಲಾದ ಸಿಎಸ್‌ಟಿ ರಸ್ತೆ.

ರೂಫ್ ಟೆಂಟ್ ನಿಮಗೆ ತುಂಬ ಆಸೆ ಇದ್ದ ಹಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ಜಿಪ್ಸಿಯ ಸ್ವಂತ ತೂಕವೇ ಒಂದು ಟನ್ನಿನ ಆಸುಪಾಸು. ನಾವಿಬ್ಬರು, ಅವ್ವ, ಎರಡು ಮಕ್ಕಳು, 40 ಲೀಟರ್ ನೀರು, ಟೆಂಟು, ಹಾಸಿಗೆ, ಒಲೆ ಎಲ್ಲ ಕೂಡಿಸಿದರೆ 350 ಕಿಲೋ ದಾಟುತ್ತದೆ. ಅದರ ಮೇಲೆ ತಲೆಯ ಮೇಲೆ ಇನ್ನೊಂದು 50 ಕಿಲೋ ಇಟ್ಟರೆ, ಎತ್ತರ ಜಾಸ್ತಿ ಅಗಲ ಕಡಿಮೆ ಇರುವ ಈ ಗಾಡಿ ಘಾಟಿನ ತಿರುವಿನಲ್ಲಿ ಯಾವ ಕಡೆ ವಾಲುತ್ತದೆ ಅಂತ ಯೋಚಿಸಿ. ಸಾಫ್ಟ್ ಟಾಪ್ ಆದರಂತೂ ಪ್ರಶ್ನೆಯೇ ಇಲ್ಲ. ನೆಲದ ಮೇಲೆ ಹಾಕುವ ಒಳ್ಳೆಯ ಟೆಂಟು ತಗೊಳ್ಳಿ, ಭಾರದ ಸಾಮಾನು ನೆಲಮಟ್ಟದಲ್ಲಿ ಹಿಂದಿನ ಆಕ್ಸಲ್ಲಿನ ಮುಂದಕ್ಕೆ ಕಟ್ಟಿ. ಫ್ರಿಜ್ಜಿನ ಬಗ್ಗೆ ಕೇಳುತ್ತಾರೆ ಕೆಲವರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಕೆನೆಮೊಸರು ಒಯ್ಯುವವರಿಗೆ ಫ್ರಿಜ್ಜು ಯಾಕೆ? ಮೊಸರಿಗೆ ಐಸ್ ಡಬ್ಬ ಸಾಕು. ವಿಂಚಿನ ದುಡ್ಡಿನಲ್ಲಿ ಟೈರಿಗೆ ಗಾಳಿ ತುಂಬುವ ಕಂಪ್ರೆಸರ್, ಗಟ್ಟಿ ಹಗ್ಗ, ಚಾಸಿಗೆ ಬೋಲ್ಟ್ ಮಾಡಿದ ಕೊಕ್ಕೆ, ಕೆಸರಲ್ಲಿ ಜ್ಯಾಕಿನ ಕೆಳಗಿಡಲು ಒಂದಡಿ ಚೌಕದ ಹಲಗೆ. ಹಲಗೆಯೊಂದೇ ನನ್ನನ್ನು ಮೂರು ಸಲ ಮನೆಗೆ ಮುಟ್ಟಿಸಿದೆ.

ಕಾನೂನು ಮರೆಯಬೇಡಿ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ನಡೆಯದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೀರಿದರೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಮುಂದಿನ ಕಬ್ಬಿಣದ ಗಾರ್ಡ್ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ನನ್ನದನ್ನು ಗುಜರಿಗೆ ಹಾಕಿದೆ. ನಿಮ್ಮ 2006ರ ಗಾಡಿಗೆ ಹದಿನೈದು ವರ್ಷ 2021ಕ್ಕೇ ಮುಗಿದಿದೆ. ಆರ್‌ಟಿಓದಲ್ಲಿ ಫಿಟ್‌ನೆಸ್ ತೋರಿಸಿ ಐದು ವರ್ಷಕ್ಕೆ ನೋಂದಣಿ ನವೀಕರಿಸಿದ್ದಾರಾ, ಹಸಿರು ತೆರಿಗೆ ಕಟ್ಟಿದ್ದಾರಾ, ಅದು ಯಾವ ತಾರೀಖಿಗೆ ಮುಗಿಯುತ್ತದೆ ನೋಡಿ. 2022ರ ಏಪ್ರಿಲ್‌ನಿಂದ ನವೀಕರಣದ ಶುಲ್ಕ ಏರಿದೆ, ಆ ಖರ್ಚು ಯಾರ ತಲೆಗೆ ಅನ್ನೋದು ಚೌಕಾಸಿಯಲ್ಲೇ ತೀರ್ಮಾನ ಆಗಲಿ. ಸೇನೆಯ ಹರಾಜಿನಿಂದ ಬಂದ ಗಾಡಿಯಾದರೆ ಚಾಸಿ ನಂಬರು, ಇಂಜಿನ್ ನಂಬರು ಕಾಗದದ ಜೊತೆ ನೀವೇ ಟಾರ್ಚ್ ಹಿಡಿದು ಹೋಲಿಸಿ ನೋಡಿ.

ಜಾಗಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಮೊದಲ ಟ್ರಿಪ್ಪಿಗೆ ಭಂಡಾರದರಾ ಹೇಳುತ್ತೇನೆ. ನಾರಾಯಣಗಾಂವ್, ಸಂಗಮನೇರ್, ಅಕೋಲೆ, ರಾಜೂರ್ ಮೇಲೆ ದಾರಿ ಸಲೀಸು, ಗಾಡಿ ಕೈಕೊಟ್ಟರೂ ಮೆಕ್ಯಾನಿಕ್ ಸಿಗುತ್ತಾನೆ. ಅದು ಕಳಸೂಬಾಯಿ-ಹರಿಶ್ಚಂದ್ರಗಡ ಅಭಯಾರಣ್ಯದ ಜಾಗ, ಕಾಡೊಳಗೆ ಗಾಡಿ ನುಗ್ಗಿಸುವಂತಿಲ್ಲ. ಹಳ್ಳಿಯವರನ್ನು ಕೇಳಿ, ದುಡ್ಡು ಕೊಟ್ಟು, ಅವರ ಹೊಲದಲ್ಲಿ ಟೆಂಟು ಹಾಕಿ. ಮೇ ಕೊನೆಗೆ, ಮಳೆ ಬೀಳುವ ಮುಂಚೆ ಹೋದರೆ ಮರ ಪೂರ್ತಿ ಮಿಂಚುಹುಳ. ಅಲ್ಲಿ ನನ್ನ ನಾಲ್ಕು ಲೈಟಿನ ಗತಿ ಏನಾಯ್ತು ಗೊತ್ತಾ? ಒಂದು ಸಲ ಹಚ್ಚಿದೆ, ಮರ ಕತ್ತಲಾಯಿತು, ಸುತ್ತಲಿನವರೆಲ್ಲ ಬೈದರು. ಈಗ ಎರಡು ಲೈಟು ಬಿಚ್ಚಿ ಅಟ್ಟದ ಮೇಲಿಟ್ಟಿದ್ದೇನೆ, ಉಳಿದೆರಡಕ್ಕೆ ಮುಚ್ಚಳ. ಸಮುದ್ರ ದಂಡೆ ಆಮೇಲೆ ನೋಡೋಣ. ಮರಳಿನ ಮೇಲೆ ಓಡಿಸಿದರೆ ಗೋವಾದಲ್ಲಿ ಪೊಲೀಸರು ಕೇಸು ಹಾಕುತ್ತಾರೆ, ಉಪ್ಪುನೀರು ಹಳೇ ಚಾಸಿಯನ್ನು ತಿನ್ನುತ್ತದೆ.

ತುಕ್ಕು ಅಂದಕೂಡಲೇ ನೆನಪಾಯ್ತು: ಗಾಡಿ ನೋಡುವಾಗ ಕಾಲಡಿಯ ಮ್ಯಾಟು ಎತ್ತಿಸಿ, ಸ್ಕ್ರೂಡ್ರೈವರ್ ಹಿಡಿಯಿಂದ ನೆಲ ಬಡಿಯಿರಿ. ಸ್ಪ್ರಿಂಗು ಚಾಸಿಗೆ ಕೂರುವ ಜಾಗದಲ್ಲೂ ಬಡಿಯಿರಿ. ಟಣ್ ಅಂದರೆ ಸರಿ, ದಬ್ ಅಂದರೆ ಹೊಸ ಬಣ್ಣದ ಕೆಳಗೆ ಪುಟ್ಟಿ ಇದೆ, ವಾಪಸು ಬನ್ನಿ. ಮಾಲೀಕನಿಗೆ ಹಿಂದಿನ ದಿನವೇ ಫೋನು ಮಾಡಿ, ನಾನು ಬರುವ ತನಕ ಇಂಜಿನ್ ಶುರು ಮಾಡಬೇಡಿ ಅಂತ ಹೇಳಿ. ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅವತ್ತು ಮಾತು ಬೇಡ, ಇನ್ನೊಂದು ದಿನ ಬೆಳಿಗ್ಗೆ ಹೇಳದೆ ಹೋಗಿ.