3ಎಕ್ಸ್ − 7ರ ವಿಲೋಮ: ಕೆಟ್ಟದ್ದು ಸರದಿ ಮಾತ್ರ

ಎಫ್(ಎಕ್ಸ್) = 3ಎಕ್ಸ್ − 7 ಎಂಬ ಫಂಕ್ಷನ್ನಿನ ವಿಲೋಮ, ಅಂದರೆ ಬಂದ ಉತ್ತರದಿಂದ ಕೊಟ್ಟ ಸಂಖ್ಯೆಗೆ ಮರಳಿಸುವ ಫಂಕ್ಷನ್, ಎಕ್ಸ್/3 + 7 ಎಂದು ಬರೆದಿದ್ದೀರಿ; ಉತ್ತರ ಹೊಂದುತ್ತಿಲ್ಲ, ತಪ್ಪಿದ್ದೆಲ್ಲಿ ಎಂದು ಕೇಳಿದ್ದೀರಿ. ಗುಣಿಸಿದ್ದಕ್ಕೆ ಭಾಗಿಸಿದ್ದೀರಿ, ಕಳೆದದ್ದಕ್ಕೆ ಕೂಡಿಸಿದ್ದೀರಿ. ಎರಡೂ ಸರಿಯೇ. ಕೆಟ್ಟದ್ದು ಸರದಿ.

5ನ್ನು ಕೊಟ್ಟು ನೋಡಿ. ಮೂರರಿಂದ ಗುಣಿಸಿದರೆ 15, ಏಳು ಕಳೆದರೆ 8. ಈಗ 8ರಿಂದ 5ಕ್ಕೆ ಮರಳಬೇಕು. ಕೊನೆಗೆ ನಡೆದದ್ದು ವ್ಯವಕಲನ, ಆದ್ದರಿಂದ ಮೊದಲು ಏಳು ಕೂಡಿಸಿ: 15. ಆಮೇಲೆ ಮೂರರಿಂದ ಭಾಗಿಸಿ: 5. ಅಂದರೆ ವಿಲೋಮ (ಎಕ್ಸ್ + 7)/3. ನಿಮ್ಮ ಸೂತ್ರಕ್ಕೆ 8 ಹಾಕಿದರೆ 29/3 ಬರುತ್ತದೆ. ಡಬ್ಬಿಗೆ ಮುಚ್ಚಳ ಹಾಕಿ ಮೇಲೆ ದಾರ ಸುತ್ತಿದವರು ತೆಗೆಯುವಾಗ ದಾರಕ್ಕೇ ಮೊದಲು ಕೈಹಾಕಬೇಕಲ್ಲವೆ?

ಬೀಜಗಣಿತದಲ್ಲಿ ಇದನ್ನೇ ವೈ = 3ಎಕ್ಸ್ − 7 ಎಂದು ಬರೆದು, ವೈ + 7 = 3ಎಕ್ಸ್, ಎಕ್ಸ್ = (ವೈ + 7)/3 ಎಂದು ಬಿಡಿಸುತ್ತೇವೆ. ಕೆಲಸ ಅಲ್ಲಿಗೇ ಮುಗಿಯಿತು. ಆಮೇಲೆ ಎಕ್ಸ್, ವೈಗಳನ್ನು ಅದಲುಬದಲು ಮಾಡುವುದು ಬರವಣಿಗೆಯ ರೂಢಿಯೇ ಹೊರತು ಹೊಸ ಲೆಕ್ಕವಲ್ಲ. ಅದನ್ನೇ ಮೊದಲ ಹೆಜ್ಜೆಯಾಗಿ ಕಲಿಸುವುದು ನನಗೆ ಹಿಡಿಸುವುದಿಲ್ಲ. ಯಾಕೆಂದು ತಿಳಿಯದೆ ಅಕ್ಷರ ಬದಲಿಸುತ್ತ ಕೂರುತ್ತೇವೆ. ಉಷ್ಣತೆಯ ಸೂತ್ರವನ್ನೇ ನೋಡಿ: ಫ್ಯಾರನ್‌ಹೀಟ್ = 9/5 × ಸೆಲ್ಸಿಯಸ್ + 32. ತಿರುಗಿಸಿದರೆ ಸೆಲ್ಸಿಯಸ್ = 5/9 × (ಫ್ಯಾರನ್‌ಹೀಟ್ − 32). ಇಲ್ಲಿ ಹೆಸರು ಅದಲುಬದಲು ಮಾಡಿದರೆ ಅನರ್ಥವೇ. ಸರದಿಯ ಮಹಿಮೆಯೂ ಇಲ್ಲಿ ಚೆನ್ನಾಗಿ ಕಾಣುತ್ತದೆ. 98.6ರಲ್ಲಿ 32 ಕಳೆದರೆ 66.6, ಅದರ 5/9 ಎಂದರೆ 37. ಮೊದಲೇ 5/9ರಿಂದ ಗುಣಿಸಿ ಆಮೇಲೆ 32 ಕಳೆದರೆ ಸುಮಾರು 22.8, ಆರೋಗ್ಯವಂತರ ಮೈ ಅಷ್ಟು ತಣ್ಣಗಿರುವುದಿಲ್ಲ!

ಎಫ್‌ನ ತಲೆಯ ಮೇಲೆ −1 ಇಟ್ಟು ವಿಲೋಮವನ್ನು ಬರೆಯುತ್ತಾರೆ; ಆ −1 ಕಂಡು 1/(3ಎಕ್ಸ್ − 7) ಎಂದು ಮಾತ್ರ ಬರೆಯಬೇಡಿ. ಅದು ವ್ಯುತ್ಕ್ರಮ, ವಿಲೋಮವಲ್ಲ. ಶಾಲೆಯಲ್ಲಿ ನಾನು ಅಂಕ ಕಳೆದುಕೊಂಡದ್ದು ಇದರಲ್ಲೇ. ಇನ್ನು, ಎಕ್ಸ್‌ನ ಗುಣಕ ಸೊನ್ನೆಯಾದರೆ ವಿಲೋಮವೇ ಇಲ್ಲ: ಎಫ್(ಎಕ್ಸ್) = 4 ಎಂದರೆ ಏನು ಕೊಟ್ಟರೂ 4, ಯಾವುದರಿಂದ ಬಂತೆಂದು ಹೇಳುವುದು ಹೇಗೆ?

(2ಎಕ್ಸ್ + 5)/3 ಅನ್ನು ನೀವೇ ತಿರುಗಿಸಿ ಇಲ್ಲಿ ಹಾಕಿ. ಕೊನೆಯ ಕೆಲಸ ಭಾಗಾಕಾರ, ಅಲ್ಲಿಂದ ಹಿಂದಕ್ಕೆ ಬನ್ನಿ. ಹಾಗೆಯೇ 10 − ಎಕ್ಸ್ ಅನ್ನೂ ಬಿಡಿಸಿ ನೋಡಿ. ಬಂದ ಉತ್ತರ ಕಂಡು ತಪ್ಪಾಯಿತೆಂದು ಅಳಿಸಬೇಡಿ.