ಮಾನ, ಬಟ್ಟೆ ಬುಟ್ಟಿ ಮತ್ತು ನಿಮ್ಮ ಒಂದು ಸಾಲು

ನಮಸ್ಕಾರ. ಇಟಲಿಯ ಸಂಗೀತ ರಚನೆಕಾರ ವೆರ್ಡಿಯ ‘ಫಾಲ್‌ಸ್ಟಾಫ್’ ಆಪೆರಾ (ಹಾಡುತ್ತಲೇ ಆಡುವ ನಾಟಕ) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಕಾಗುಣಿತದ ತಪ್ಪುಗಳಿಲ್ಲ. ಇಟಲಿಯ ಆಪೆರಾ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ, ಖುಷಿಯಾಯಿತು. ಆದರೆ ಎರಡನೇ ಪುಟದ ಈ ಸಾಲು ನೋಡಿ ಸಿಟ್ಟೂ ಬಂತು:

“ಷೇಕ್ಸ್‌ಪಿಯರನ ನಾಟಕವನ್ನು ಬೊಯಿಟೊ ಅತ್ಯಂತ ಸಮರ್ಥವಾಗಿ ಅಳವಡಿಸಿದ್ದಾರೆ.”

ಈ ಆಪೆರಾದ ಸಾಹಿತ್ಯ ಬರೆದವನು ಬೊಯಿಟೊ. ಆದರೆ ಯಾವ ನಾಟಕ? ಕಥೆಯೇನೋ ‘ದಿ ಮೆರಿ ವೈವ್ಸ್ ಆಫ್ ವಿಂಡ್ಸರ್’ನದು, ಸರಿ. ಆದರೆ ಮೊದಲ ಅಂಕದಲ್ಲಿ ಡೊಳ್ಳುಹೊಟ್ಟೆಯ ಮುದಿ ಸರದಾರ ಫಾಲ್‌ಸ್ಟಾಫ್ ‘ಮಾನದಿಂದ ಹೊಟ್ಟೆ ತುಂಬುತ್ತಾ, ಮುರಿದ ಕಾಲು ಕೂಡುತ್ತಾ’ ಅಂತ ಕೂಗಾಡುತ್ತಾನಲ್ಲ, ಅದು ಷೇಕ್ಸ್‌ಪಿಯರನದೇ ಇನ್ನೊಂದು ನಾಟಕ ‘ನಾಲ್ಕನೇ ಹೆನ್ರಿ’ಯ ಮೊದಲ ಭಾಗದಿಂದ ಬಂದದ್ದು. ಅಲ್ಲಿ ಯುದ್ಧಕ್ಕೆ ಮುಂಚೆ ಅವನು ಒಬ್ಬನೇ ನಿಂತು ಹೇಳಿಕೊಳ್ಳುವ ಮಾತು. ಬೊಯಿಟೊ ಅದನ್ನು ಎತ್ತಿ ತಂದು ಹೋಟೆಲಿನಲ್ಲಿ ಇಟ್ಟ. ಇಬ್ಬರು ಗೃಹಿಣಿಯರಿಗೆ ಅವನು ಬರೆದ ಪ್ರೇಮಪತ್ರ ಒಯ್ದರೆ ನಮ್ಮ ಮಾನ ಹೋಗುತ್ತೆ ಅನ್ನುವ ಇಬ್ಬರು ಕಳ್ಳ ಆಳುಗಳಿಗೆ ಅದೇ ಮಾತಿನಲ್ಲಿ ಬೈಗುಳ! ಈ ಚೇಷ್ಟೆ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಇನ್ನು ಆ ‘ಅತ್ಯಂತ ಸಮರ್ಥವಾಗಿ’. ನಾನು ಕೆಲಸ ಕಲಿಯುವಾಗ ಬಂದ ಲೇಖನಗಳನ್ನು ಹಿರಿಯ ಸಂಪಾದಕರಿಗೆ ಗಟ್ಟಿಯಾಗಿ ಓದಿ ಹೇಳಬೇಕಿತ್ತು. ಇಂಥ ಪದ ಬಂತೋ, ಅವರು ಪೆನ್ಸಿಲಿನಿಂದ ಮೇಜು ಕುಟ್ಟಿ “ಹೇಗೆ?” ಅನ್ನುತ್ತಿದ್ದರು. ಮುಂದಿನ ಸಾಲಿನಲ್ಲಿ ಉತ್ತರ ಸಿಗದಿದ್ದರೆ ಹಾಳೆ ಪಕ್ಕಕ್ಕೆ. ಚಹಾ ಬಂದರೂ ಕುಟ್ಟುವುದು ನಿಲ್ಲುತ್ತಿರಲಿಲ್ಲ. ಆ ಸದ್ದು ನನಗೆ ಈಗಲೂ ಕೇಳುತ್ತದೆ.

ಹೇಗೆ ಅಂದರೆ, ಮೂಲದಲ್ಲಿ ಫಾಲ್‌ಸ್ಟಾಫ್‌ಗೆ ಮೂರು ಸಲ ಮಂಗಳಾರತಿ. ಕೊಳೆಬಟ್ಟೆ ಬುಟ್ಟಿಯಲ್ಲಿ ತುಂಬಿ ಥೇಮ್ಸ್‌ಗೆ ಎಸೆಯುತ್ತಾರೆ. ಆಮೇಲೆ ಮುದುಕಿಯ ವೇಷದಲ್ಲಿ, ಆ ಗೃಹಿಣಿಯರಲ್ಲಿ ಒಬ್ಬಳ ಗಂಡ ಫೋರ್ಡ್ ಕೈಲಿ ಏಟು. ಕೊನೆಗೆ ರಾತ್ರಿ ಓಕ್ ಮರದ ಕೆಳಗೆ ಭೂತದಾಟ. ಬೊಯಿಟೊ ನಡುವಿನದನ್ನು ಕಿತ್ತೇ ಹಾಕಿದ. ಬುಟ್ಟಿಯ ಗದ್ದಲವಾದ ಮೇಲೆ ಅದೇ ಮನೆ, ಅದೇ ಗಂಡ, ಅದೇ ಹುಡುಕಾಟ ಇನ್ನೊಮ್ಮೆ ಯಾಕೆ, ಅಲ್ವಾ? ಮೂಲದಲ್ಲಿ ಇನ್ನೊಬ್ಬ ಗೃಹಿಣಿಯಾದ ಪೇಜ್ ಮತ್ತು ಅವಳ ಗಂಡನ ಮಗಳನ್ನು ಫೋರ್ಡ್‌ಗೆ ಮಗಳು ಮಾಡಿದ. ಹೀಗಾಗಿ ಹೆಂಡತಿಯ ಮೇಲೆ ಅನುಮಾನ ಪಡುವ ಗಂಡನೂ ಮಗಳ ಪ್ರೀತಿಗೆ ಅಡ್ಡ ಬರುವ ಅಪ್ಪನೂ ಒಬ್ಬನೇ. ಕೊನೆಯಲ್ಲಿ ಅವನಿಗೂ ಟೋಪಿ.

1893ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಇದು ಮೊದಲು ಆಡಿದಾಗ ವೆರ್ಡಿಗೆ 79 ಅನ್ನುವುದನ್ನು ಮೂರು ಸಲ ಬರೆದಿದ್ದೀರಿ. ಒಂದು ಸಾಕು. ಕಥಾಸಾರವನ್ನು ಒಂದು ಪ್ಯಾರಾಕ್ಕೆ ಇಳಿಸಿ, ಉಳಿದ ಜಾಗದಲ್ಲಿ ಬೊಯಿಟೊನ ಕತ್ತರಿ ಎಲ್ಲೆಲ್ಲಿ ಆಡಿತು ಅಂತ ತೋರಿಸಿ ಕಳಿಸಿ. ಓದುತ್ತೇನೆ.